ಮಾವನ ಗಟ್ಟಿ ಸ್ಟೇರಿಂಗು

ನನ್ನ ಸೋದರಮಾವನಿಗೆ ಜೀಪು ತಿರುಗಿಸಲು ಬರುವುದಿಲ್ಲ ಎಂದು ಅರಕಲಗೂಡಿನ ಜನ ಆಡಿಕೊಳ್ಳುತ್ತಿದ್ದರು. ಇದು ಶುದ್ಧ ಸುಳ್ಳು. ಮಾವನಿಗೆ ತಿರುಗಿಸಲು ಚೆನ್ನಾಗಿಯೇ ಬರುತ್ತಿತ್ತು. ತಿರುಗಲು ಬಾರದೆ ಇದ್ದದ್ದು ಜೀಪಿಗೆ! ಸತ್ಯವನ್ನು ಇಷ್ಟು ಬಿಡಿಸಿ ಹೇಳಬಲ್ಲ ಅಳಿಯನೊಬ್ಬ ಮನೆಯಲ್ಲೇ ಇರುವಾಗ ಮಾವನ ಮಾನ ಹೋಗುವುದಾದರೂ ಹೇಗೆ?

ಮಾವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರು ಬೈಯುತ್ತಾರೆಂಬ ಭಯವಲ್ಲ. ಸಂತೋಷಪಟ್ಟು ‘ಬಾ, ಒಂದು ಸುತ್ತು ಹೋಗಿಬರೋಣ’ ಎಂದು ಜೀಪು ಹತ್ತಿಸಿಯಾರು ಎಂಬ ಭಯ.

ನನ್ನ ವಿಷಯವನ್ನೂ ಒಂದಿಷ್ಟು ಹೇಳಿಬಿಡುತ್ತೇನೆ. ನಾನು ಇಂಟರ್‌ಮೀಡಿಯೆಟ್ ಪರೀಕ್ಷೆಯನ್ನು ಒಪ್ಪಿಕೊಂಡು, ಅದು ನನ್ನನ್ನು ಒಪ್ಪದೆ ಹೋದದ್ದರಿಂದ, ಮಾವನ ಮನೆಯಲ್ಲಿ ಬೀಡುಬಿಟ್ಟಿದ್ದ ಕಾಲ ಅದು. ನನಗೆ ಬರುತ್ತಿದ್ದ ವಿದ್ಯೆ ಒಂದೇ: ಅಣಕ. ಶಾನುಭೋಗರ ಕೆಮ್ಮು, ಹೋಟೆಲಿನ ಮಾಣಿಯ ಕೂಗು, ಹೆಡ್‌ಮಾಸ್ಟರರು ಮೂಗಿನಿಂದಲೇ ಮಾಡುತ್ತಿದ್ದ ಪಾಠ, ಯಾವುದನ್ನೂ ಬಿಟ್ಟವನಲ್ಲ. ನನ್ನಪ್ಪ ನನ್ನನ್ನು ಬೈಯುವುದನ್ನು ಗೆಳೆಯರೆದುರು ಒಮ್ಮೆ ಮಾಡಿ ತೋರಿಸುತ್ತಿದ್ದಾಗ ಹಿಂದೆ ನಿಂತಿದ್ದ ಅಪ್ಪ, ನಾನು ಮರೆತಿದ್ದ ಎರಡು ಬೈಗುಳಗಳನ್ನು ತಾವೇ ಸೇರಿಸಿ ಕೊಟ್ಟರು. ಕಲಾವಿದನಿಗೆ ಇದಕ್ಕಿಂತ ದೊಡ್ಡ ಮನ್ನಣೆ ಬೇಕೆ?

ಇನ್ನು ಜೀಪು. ಅದು ಎರಡನೇ ಮಹಾಯುದ್ಧದಲ್ಲಿ ದುಡಿದದ್ದು. ಯುದ್ಧ ಮುಗಿದ ಮೇಲೆ ಮಿಲಿಟರಿಯವರ ಹರಾಜಿಗೆ ಬಿದ್ದು, ಯಾರ್ಯಾರದೋ ಕೈ ದಾಟಿ, ಹತ್ತು ಹನ್ನೆರಡು ವರ್ಷದ ಮೇಲೆ ಮಾವನ ಹಟ್ಟಿಗೆ ಬಂದು ನಿಂತಿತ್ತು. ಅದು ಯಾವ ರಣರಂಗದಲ್ಲಿ ಹೋರಾಡಿತ್ತೋ ಯಾರಿಗೂ ತಿಳಿಯದು. ಹೋರಾಡಿದ್ದರೆ ಶತ್ರುಗಳ ಕಡೆಯಿಂದಲೇ ಹೋರಾಡಿರಬೇಕು ಎಂಬುದು ನಮ್ಮತ್ತೆಯ ಅಭಿಪ್ರಾಯ. ಮಾವ ಆಲೂಗೆಡ್ಡೆ ಮೂಟೆಗಳನ್ನೂ ಹೊಗೆಸೊಪ್ಪಿನ ಹೊರೆಗಳನ್ನೂ ಹೊಲದಿಂದ ಹೇರಿ ತರಲು ಅದನ್ನು ಕೊಂಡಿದ್ದರು. ಉತ್ತ ಹೊಲ, ಹಳ್ಳ, ಕೊರಕಲು, ಕೆಸರು, ಆ ಜೀಪು ಎಲ್ಲಿಗೆ ಬೇಕಾದರೂ ಹೋಗುತ್ತಿತ್ತು. ನಮಗೆ ಬೇಕಾದಲ್ಲಿಗೆ ಮಾತ್ರ ಹೋಗುತ್ತಿರಲಿಲ್ಲ.

ತಪ್ಪೆಲ್ಲ ಸ್ಟೇರಿಂಗಿನದು. ಚಕ್ರವನ್ನು ಕಾಲು ಸುತ್ತು ತಿರುಗಿಸಿದರೆ ಜೀಪಿಗೆ ಅರ್ಜಿ ಹೋದ ಹಾಗೆ. ಅರ್ಧ ಸುತ್ತು ತಿರುಗಿಸಿದರೆ ಅರ್ಜಿ ಪರಿಶೀಲನೆಗೆ ಬರುತ್ತಿತ್ತು. ಮುಕ್ಕಾಲು ಸುತ್ತಿಗೆ ಮಂಜೂರಾಗುತ್ತಿತ್ತು. ಅಷ್ಟು ಹೊತ್ತಿಗೆ ತಿರುವು ಹಿಂದೆ ಉಳಿದು, ಮುಂದೆ ಯಾರದೋ ಬೇಲಿ ಬಂದಿರುತ್ತಿತ್ತು.

ಜೀಪು ಕೊಂಡ ಹೊಸದರಲ್ಲಿ ಮಾವ ಅತ್ತೆಯನ್ನು ಅದರಲ್ಲಿ ಕೂರಿಸಿಕೊಂಡು ಅವರ ತವರು ಚನ್ನರಾಯಪಟ್ಟಣಕ್ಕೆ ಹೊರಟರು. ಮಿಲಿಟರಿ ಜೀಪಾದ್ದರಿಂದ ಸ್ಟೇರಿಂಗ್ ಎಡಗಡೆಗೆ. ಅತ್ತೆ ಬಲಗಡೆಯ ಸೀಟಿನಲ್ಲಿ ರೇಷ್ಮೆ ಸೀರೆ ಉಟ್ಟು, ಮಡಿಲಲ್ಲಿ ಹಣ್ಣುಕಾಯಿ ಇಟ್ಟುಕೊಂಡು, ಊರಿನ ಹೆಂಗಸರೆಲ್ಲ ನೋಡಲಿ ಎಂದು ಸೆರಗು ಸರಿಮಾಡಿಕೊಂಡು ಕೂತರು. ಹಳೇಕೋಟೆ ದಾಟುವವರೆಗೆ ಎಲ್ಲವೂ ಮಂಗಳಮಯ. ಆಮೇಲೆ ಮುಂದಿನ ಎರಡು ಗಾಲಿಗಳನ್ನು ಜೋಡಿಸುವ ಸಲಾಕೆ, ಮೆಕ್ಯಾನಿಕ್‌ಗಳು ಟೈರಾಡು ಅನ್ನುತ್ತಾರಲ್ಲ, ಅದು ಕಳಚಿಕೊಂಡಿತು. ಪಾಲಿಗೆ ಜಗಳವಾಡಿದ ಅಣ್ಣತಮ್ಮಂದಿರಂತೆ ಒಂದು ಗಾಲಿ ಪೂರ್ವಕ್ಕೂ ಇನ್ನೊಂದು ಪಶ್ಚಿಮಕ್ಕೂ ಮುಖ ಮಾಡಿದವು. ಜೀಪು ಇಬ್ಬರನ್ನೂ ಮೆಚ್ಚಿಸಲಾರದೆ ರಸ್ತೆ ಬಿಟ್ಟು, ಪಕ್ಕದ ಕಣಕ್ಕೆ ಇಳಿದು, ಹುಲ್ಲಿನ ಬಣವೆಯ ಹೊಟ್ಟೆಯೊಳಗೆ ನಿಂತಿತು.

ಯಾರಿಗೂ ಏನೂ ಆಗಲಿಲ್ಲ. ಬಣವೆಯ ಒಳಗಿನಿಂದ ಮಾವನ ದನಿ ಮೊದಲು ಕೇಳಿಸಿತಂತೆ: “ನೋಡ್ದಾ, ಬ್ರೇಕು ಎಷ್ಟ್ ಚೆಂದಾಗೈತೆ.”

ಅತ್ತೆ ಇಳಿದರು. ಕೂದಲಿಂದ ಹುಲ್ಲುಕಡ್ಡಿ ಆರಿಸಿ ತೆಗೆದರು. ಹಣ್ಣುಕಾಯಿ ಎಣಿಸಿಕೊಂಡರು. ಕೂಗಾಡಲಿಲ್ಲ, ಅಳಲಿಲ್ಲ. ರೈತರ ಮನೆಯ ಮಗಳು, ಎತ್ತು ಕಟ್ಟುವ ಮನೆಯಲ್ಲಿ ಬೆಳೆದವರು. “ಇದ್ರ ಮೂಗುದಾರ ಗಟ್ಟಿಯಾಗೋ ಗಂಟ ನಾನು ಇದ್ರೊಳಕ್ಕೆ ಕಾಲಿಡಕಿಲ್ಲ” ಎಂದಷ್ಟೇ ಹೇಳಿ, ರಸ್ತೆಗೆ ನಡೆದು, ಬಂದ ಬಸ್ಸಿಗೆ ಕೈ ತೋರಿಸಿ ಹತ್ತಿ ಹೋದರು.

ಅಂದಿನಿಂದ ಮಾವನ ಬದುಕಿಗೆ ಒಂದೇ ಗುರಿ. ಹೆಂಡತಿ ಮತ್ತೆ ಆ ಬಲಗಡೆಯ ಸೀಟಿನಲ್ಲಿ ಕೂರಬೇಕು! ಬೂರುಗದ ಅರಳೆ ತುಂಬಿಸಿ, ಹೂವಿನ ಚೀಟಿಬಟ್ಟೆ ಹೊಲಿಸಿ, ಆ ಸೀಟಿಗೆ ಒಂದು ಮೆತ್ತೆ ಹಾಕಿಸಿದರು. ಅಲ್ಲಿ ಬೇರೆ ಯಾರೂ ಕೂರುವಂತಿಲ್ಲ. ಅಮಲ್ದಾರರೇ ಬಂದು ನಿಂತಾಗಲೂ ಮಾವ “ಸಾ, ಅದು ರಿಜರ್ವು” ಎಂದು ಅವರನ್ನು ಹಿಂದಕ್ಕೆ, ನನ್ನ ಪಕ್ಕಕ್ಕೆ, ಆಲೂಗೆಡ್ಡೆ ಮೂಟೆಯ ಮೇಲಕ್ಕೆ ಕಳಿಸಿದರು. ಇದರಿಂದ ಆದ ಒಂದು ಉಪದ್ರವ ಕೇಳಿ. ನಮ್ಮ ಕಡೆಯ ಜನ ಡ್ರೈವರನ್ನು ಹುಡುಕುವುದು ಬಲಗಡೆ. ನಮ್ಮ ಜೀಪಿನ ಬಲಗಡೆ ಇರುತ್ತಿದ್ದದ್ದು ಹೂವಿನ ಮೆತ್ತೆ ಮಾತ್ರ. ಡ್ರೈವರಿಲ್ಲದ ಜೀಪೊಂದು ಅಡ್ಡಾದಿಡ್ಡಿಯಾಗಿ ತಾನೇ ತಾನಾಗಿ ಓಡಿ ಬರುತ್ತಿರುವುದನ್ನು ಕಂಡು, ಕುರಿ ಮೇಯಿಸುತ್ತಿದ್ದ ಮುದುಕರೊಬ್ಬರು ದೊಣ್ಣೆ ಬಿಸಾಕಿ ಕೈಮುಗಿದರು. ನಾನು ಹಿಂದಿನಿಂದ ಗಂಭೀರ ದನಿ ತೆಗೆದು ಆಶೀರ್ವಾದ ಮಾಡಿದೆ.

ಮೂಗುದಾರ ಗಟ್ಟಿ ಮಾಡುವ ಕೆಲಸ ಹೇಗೆ ಶುರುವಾಯಿತು ಎಂದರೆ, ಎತ್ತು ಆರಿಸುವ ಕೆಲಸ ಹೇಗೆ ಶುರುವಾಗುತ್ತದೋ ಹಾಗೆ. ಎತ್ತಿನ ವಿಷಯದಲ್ಲಿ ನನ್ನ ಮಾವನನ್ನು ಮೀರಿಸಿದವರು ಸುತ್ತಮುತ್ತ ಇರಲಿಲ್ಲ. ಹಲ್ಲು ನೋಡಿ, ಸುಳಿ ನೋಡಿ, ಬಾಲ ಎತ್ತಿ, ಬೆನ್ನಿಗೆ ಒಂದು ಗುದ್ದು ಕೊಟ್ಟು, ‘ಇದು ನಾಲ್ಕು ಬೇಸಾಯ ತಡೀತದೆ’ ಎಂದರೆ ನಾಲ್ಕು ಬೇಸಾಯ ತಡೆಯುತ್ತಿತ್ತು. ಆ ವಿದ್ಯೆಯನ್ನೇ ಅವರು ಕಬ್ಬಿಣಕ್ಕೆ ತಂದರು. ತಪ್ಪಾದದ್ದು ಅಲ್ಲಿಯೇ.

ಮೊದಲ ಟೈರಾಡನ್ನು ಊರ ಕುಲುಮೆಯ ಆಚಾರಿ ಹಳೆಯ ಗಾಡಿಯ ಅಚ್ಚು ಕಾಯಿಸಿ ಬಡಿದು ಮಾಡಿಕೊಟ್ಟ. ಮಾವ ಅದನ್ನು ಹುಣಸೇಮರಕ್ಕೆ ಹಗ್ಗದಲ್ಲಿ ನೇತುಹಾಕಿ, ಕಲ್ಲಿನಿಂದ ಹೊಡೆದು, ಕಣ್ಣು ಮುಚ್ಚಿ ದನಿ ಕೇಳಿದರು. ಮುಖ ಸ್ವಲ್ಪ ಅರಳಿತು. ಅಷ್ಟು ಸಾಲದೆಂದು ಎರಡು ತುದಿಗೂ ಒಂದೊಂದು ಎತ್ತು ಕಟ್ಟಿ ಎದುರುಬದುರು ಎಳೆಸಿದರು. ಟೈರಾಡು ಒಂದು ಎಳೆಯೂ ಜಗ್ಗಲಿಲ್ಲ. ಆದರೆ ವರ್ಷಗಟ್ಟಲೆ ಒಂದೇ ನೊಗಕ್ಕೆ ಹೆಗಲು ಕೊಟ್ಟಿದ್ದ ಆ ಎರಡು ಎತ್ತುಗಳ ನಡುವೆ ಅಂದು ಏನು ಮನಸ್ತಾಪ ಬಂತೋ! ಮರುದಿನ ಬೆಳಿಗ್ಗೆ ಒಂದು ಬಲಕ್ಕೆ ಎಳೆದರೆ ಇನ್ನೊಂದು ಎಡಕ್ಕೆ. ಜೀಪಿನ ಗಾಲಿಗಳ ರೋಗ ಎತ್ತುಗಳಿಗೆ ಅಂಟಿತ್ತು.

ಟೈರಾಡು ಗಟ್ಟಿಯಾಯಿತು ನಿಜ. ಅದರ ತುದಿಯಲ್ಲಿರುವ ಗುಂಡುಕೀಲು ಮುರಿಯಿತು. ಗುಂಡುಕೀಲು ಗಟ್ಟಿ ಮಾಡಿಸಿದರೆ ಅದನ್ನು ಹಿಡಿದಿದ್ದ ತೋಳು ಬಾಗಿತು. ತೋಳು ಗಟ್ಟಿ ಮಾಡಿಸಿದರೆ ತೋಳಿಗೆ ಆಧಾರವಾದ ತಟ್ಟೆ ಬಿರುಕುಬಿಟ್ಟಿತು. ಮನೆಯಲ್ಲಿ ಒಬ್ಬ ಸೊಸೆ ಗಟ್ಟಿಯಾದರೆ ಮಿಕ್ಕವರ ದನಿಯೆಲ್ಲ ಏಳುವ ಹಾಗೆ! ಮುರಿದಾಗಲೆಲ್ಲ ಜೀಪು ಯಾರದೋ ಅಂಗಳಕ್ಕೆ ನುಗ್ಗುವುದು, ಆ ಮನೆಯವರು ಗಾಬರಿಯಾಗಿ ಹೊರಬರುವುದು, ಮಾವ ಇಳಿದು ಅವರ ಎತ್ತುಗಳನ್ನು ಹೊಗಳುವುದು, ಅವರು ಕರಗಿ ಊಟಕ್ಕೆ ಏಳಿಸುವುದು. ಸ್ಟೇರಿಂಗು ಮುರಿದಷ್ಟೂ ನಮ್ಮ ನೆಂಟಸ್ತಿಕೆ ಬೆಳೆಯಿತು. ಒಂದು ಮನೆಯಲ್ಲಿ ಹಿಚಕಿದ ಅವರೆಬೇಳೆ ಸಾರು, ಬಿಸಿ ಮುದ್ದೆ ಹಾಕಿದರು. ಆಮೇಲೆ ಆ ಮನೆಯ ಮುಂದೆ ಹಾಯುವಾಗಲೆಲ್ಲ ನಾನು ಕಣ್ಣು ಮುಚ್ಚಿ, ಮುರಿಯಲಿ ದೇವರೇ ಎಂದು ಬೇಡಿಕೊಳ್ಳುತ್ತಿದ್ದೆ. ದೇವರು ಅಲ್ಲಿ ಮಾತ್ರ ಸ್ಟೇರಿಂಗನ್ನು ಕಾಪಾಡಿಬಿಡುತ್ತಿದ್ದ.

ಕೊನೆಗೆ ಮಾವ, ಊರ ಕಬ್ಬಿಣದಲ್ಲಿ ಸತ್ವವಿಲ್ಲ, ಲಾರಿಯ ಸ್ಟೇರಿಂಗ್ ಸಾಮಾನು ಹಾಕಿಸಿದರೆ ಮುರಿಯುವ ಮಾತೇ ಇಲ್ಲ ಎಂದು ತೀರ್ಮಾನಿಸಿ, ನನ್ನನ್ನು ಕರೆದುಕೊಂಡು ಹಾಸನಕ್ಕೆ ಹೊರಟರು. ಬಸ್ಸಿನಲ್ಲಿ, ಸದ್ಯ!

ಹಾಸನದ ಮೋಟಾರು ಸಾಮಾನಿನ ಅಂಗಡಿಯಲ್ಲಿ ನಡೆದದ್ದನ್ನು ನಾನು ಎಷ್ಟೋ ಮದುವೆಮನೆಗಳಲ್ಲಿ ಆಡಿ ತೋರಿಸಿದ್ದೇನೆ. ದನಗಳ ಜಾತ್ರೆಯಲ್ಲಿ ಎತ್ತಿನ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಕೊಳ್ಳುವವನೂ ಮಾರುವವನೂ ಕೈ ಹಿಡಿದುಕೊಂಡು ಮೇಲೆ ಟವೆಲು ಮುಚ್ಚುತ್ತಾರೆ. ಒಳಗೆ ಬೆರಳು ಅದುಮಿದ್ದೇ ಲೆಕ್ಕ. ಸುತ್ತ ನಿಂತವರಿಗೆ ಒಂದೂ ತಿಳಿಯುವುದಿಲ್ಲ. ಮಾವನಿಗೆ ಗೊತ್ತಿದ್ದ ವ್ಯಾಪಾರ ಅದೊಂದೇ. ಅಂಗಡಿಯವನೋ ಪಟ್ಟಣದಲ್ಲಿ ಹುಟ್ಟಿ ಬೆಳೆದ, ಎಣ್ಣೆ ಹಚ್ಚಿ ಕ್ರಾಪು ಬಾಚಿದ ತರುಣ. ಎತ್ತನ್ನು ಅವನು ಗಾಡಿಯ ಮುಂದೆ ಮಾತ್ರ ಕಂಡವನು. ಅವನು ಮೊದಲು ಪಳಪಳ ಹೊಳೆಯುವ ಹೊಸ ಸಾಮಾನೊಂದನ್ನು ಕಾಗದ ಬಿಚ್ಚಿ ತೋರಿಸಿ, ಇದು ಜೀಪಿಗೆಂದೇ ಮಾಡಿದ್ದು, ಹಗುರವಾಗಿದೆ, ಚೆನ್ನಾಗಿ ತಿರುಗುತ್ತದೆ ಎಂದ. ಮಾವ ಅದನ್ನು ಅಂಗೈಮೇಲೆ ತೂಗಿ ನೋಡಿ ಕೆಳಗಿಟ್ಟರು. “ಒಳೆಯೋ ಓರಿ ಉಳಾಕಿಲ್ಲ ಕಣಪ್ಪ” ಎಂದು, ಮೂಲೆಯಲ್ಲಿ ಬಿದ್ದಿದ್ದ, ಯಾವುದೋ ಲಾರಿಯಿಂದ ಬಿಚ್ಚಿದ ಭಾರಿ ಸಾಮಾನಿನ ಕಡೆ ಹೋದರು. ಎರಡು ಕೈಯಲ್ಲಿ ಎತ್ತಬೇಕು, ಅಷ್ಟು ತೂಕ. ಸುತ್ತಲೂ ಒಂದು ಪ್ರದಕ್ಷಿಣೆ ಬಂದು, ಬಗ್ಗಿ, ಬಾಯಿ ಇದ್ದರೆ ಹಲ್ಲನ್ನೂ ಎಣಿಸುತ್ತಿದ್ದರೇನೋ, ಅದು ಹಿಂದೆ ಯಾರ ಹತ್ತಿರ ದುಡಿದಿತ್ತು ಎಂದು ವಿಚಾರಿಸಿಕೊಂಡರು. ಮನಸ್ಸಿಗೆ ಬಂತು. ಹೆಗಲ ಮೇಲಿನ ಟವೆಲು ತೆಗೆದು, ಆ ತರುಣನ ಕೈಯನ್ನು ಗಬಕ್ಕನೆ ಹಿಡಿದು, ಮೇಲೆ ಮುಚ್ಚಿ, ಒಳಗೆ ಬೆರಳು ಅದುಮಿದರು.

ಅವನು ಬೆವರಿದ. “ನಂಗೇನೂ ಜ್ವರ ಇಲ್ಲ ಗೌಡ್ರೇ.”

“ನೀವೂ ಅದುಮಿ” ಎಂದರು ಮಾವ, ಬೇರೆ ಕಡೆ ನೋಡುತ್ತಾ. ವ್ಯಾಪಾರದಲ್ಲಿ ಮುಖ ನೋಡಬಾರದು.

ಅವನು ನನ್ನ ಕಡೆ ದೀನನಾಗಿ ನೋಡಿದ. ನಾನು ಗಂಭೀರವಾಗಿ ತಲೆಯಾಡಿಸಿದೆ. ದೊಡ್ಡವರ ಮನಸ್ಸು ನೋಯಿಸಬಾರದೆಂದು ಪಾಪ ಅವನೂ ಒಂದೆರಡು ಬೆರಳು ಅದುಮಿದ. ಮಾವ ಟವೆಲು ಕೊಡವಿ, ಒಪ್ಪಂದವಾಯಿತು ಎಂದುಬಿಟ್ಟರು! ಏನು ಒಪ್ಪಂದವಾಯಿತೆಂದು ಅವನಿಗೆ ತಿಳಿಸಿ, ತಿಳಿದ ಮೇಲೆ ಅವನನ್ನು ಸಮಾಧಾನಪಡಿಸಿ, ಬಾಯಿಮಾತಿನಲ್ಲಿ ಇನ್ನೊಮ್ಮೆ ವ್ಯಾಪಾರ ಮಾಡಿ ಮುಗಿಸುವಷ್ಟರಲ್ಲಿ ಎದುರು ಹೋಟೆಲಿನಲ್ಲಿ ಮಸಾಲೆದೋಸೆಯೆಲ್ಲ ತೀರಿಹೋಗಿತ್ತು. ಈ ಕತೆಯಲ್ಲಿ ನಿಜವಾದ ನಷ್ಟ ಎಂದರೆ ಅದೇ.

ಸಾಮಾನು ಕೂರಿಸಲು ಜೀಪನ್ನು ಎರಡು ಎತ್ತು ಕಟ್ಟಿ ಹಾಸನಕ್ಕೆ ಎಳೆಸಿ ತಂದೆವು. ಅಲ್ಲಿಯ ಮೇಸ್ತ್ರಿ ಬಲು ಧಾರಾಳಿ. ಯಾವುದಕ್ಕೂ ಇಲ್ಲ ಎಂದವನಲ್ಲ. ಲಾರಿಯ ಸಾಮಾನು ಜೀಪಿಗೆ ಕೂರುತ್ತದೆಯೇ ಎಂದು ಮಾವ ಕೇಳಿದರೆ, ಕೂರುತ್ತದೆ ಎಂದ. ಮತ್ತೆ ಮುರಿಯುವುದಿಲ್ಲವಷ್ಟೇ ಎಂದರೆ, ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಮುರಿಯುವುದಿಲ್ಲ ಎಂದ. ತಿರುಗುತ್ತದೆಯೇ? ಅದೊಂದನ್ನು ನಾವು ಕೇಳಲಿಲ್ಲ, ಅವನು ಹೇಳಲಿಲ್ಲ.

ಜೀಪು ವಾಪಸು ಬಂತು. ಸ್ಟೇರಿಂಗಿನಲ್ಲಿ ಒಂದಿಷ್ಟೂ ಸಡಿಲವಿಲ್ಲ. ಅರ್ಜಿ ಇಲ್ಲ, ಪರಿಶೀಲನೆ ಇಲ್ಲ. ಆದರೆ ಈಗ ಕಚೇರಿಯ ಬಾಗಿಲೇ ಮುಚ್ಚಿತ್ತು! ಆ ಚಕ್ರವನ್ನು ತಿರುಗಿಸುವುದೆಂದರೆ ಬಾವಿಗೆ ಬಿದ್ದ ಎಮ್ಮೆಯನ್ನು ಮೇಲೆತ್ತಿದಂತೆ. ಮಾವ ಎಡಗಾಲನ್ನು ಮುಂದಿನ ತಗಡಿಗೆ ಒದ್ದು, ಹಲ್ಲು ಕಚ್ಚಿ, ಎರಡು ಕೈಯಲ್ಲಿ ಜೋತುಬಿದ್ದರೆ ಜೀಪು ಒಲ್ಲದ ಮನಸ್ಸಿನಿಂದ ಒಂದಿಷ್ಟು ವಾಲುತ್ತಿತ್ತು. ತಿರುವು ಕಣ್ಣಿಗೆ ಬೀಳುವ ಮೊದಲೇ ತಿರುಗಿಸಲು ಶುರುಮಾಡಬೇಕು. ಒಮ್ಮೆ ಹೊಳೆನರಸೀಪುರಕ್ಕೆಂದು ಹೊರಟೆವು. ಕವಲಿನಲ್ಲಿ ಜೀಪು ಒಪ್ಪಲಿಲ್ಲ. ಸೀದಾ ಹಾಸನ ತಲುಪಿ, ಬಂದದ್ದಾಯಿತಲ್ಲ ಎಂದು ಕಾಫಿ ಕುಡಿದು ಬಂದೆವು. ನನಗೇನೂ ಬೇಸರವಾಗಲಿಲ್ಲ. ಅಂದು ಮಸಾಲೆದೋಸೆ ಸಿಕ್ಕಿತು.

ಮೊದಲ ದಿನವೇ ಮಾವ ಜೀಪನ್ನು ಮನೆಯ ಮುಂದೆ ತಂದು ನಿಲ್ಲಿಸಿ, ಮೆತ್ತೆಯ ಧೂಳು ಕೊಡವಿ, ಹಾರನ್ನು ಒತ್ತಿದ್ದರು. ಅತ್ತೆ ಕೈ ಒರೆಸಿಕೊಳ್ಳುತ್ತಾ ಬಂದು ಜಗಲಿಯ ಮೇಲೆ ನಿಂತರು. ಅವರಪ್ಪ ಒಂದು ಕೈಯಲ್ಲಿ ಹಗ್ಗ ಹಿಡಿದು, ಇನ್ನೊಂದು ಕೈಯಲ್ಲಿ ಎಲೆಗೆ ಸುಣ್ಣ ಹಚ್ಚಿಕೊಳ್ಳುತ್ತಾ ಗಾಡಿ ಹೊಡೆಯುತ್ತಿದ್ದವರಂತೆ.

“ಒಂದ್ ಕೈಲಿ ತಿರುಗ್ಸಿ, ನೋಡನ” ಎಂದರು ಅತ್ತೆ.

ಮಾವ ಒಂದು ಕೈಯಲ್ಲಿ ಹಿಡಿದರು. ಎಳೆದರು. ಮುಖ ಹಣ್ಣುಮೆಣಸಿನಕಾಯಿಯ ಬಣ್ಣಕ್ಕೆ ಬಂತು. ಕತ್ತಿನ ನರ ಉಬ್ಬಿದವು. ಗಾಲಿ ಮಿಸುಕಲಿಲ್ಲ. ಮಾವನ ಎದೆ ಒತ್ತಿ ಹಾರನ್ನು ಮಾತ್ರ ಇನ್ನೊಮ್ಮೆ ಕೂಗಿತು.

“ಮೂಗುದಾರ ಗಟ್ಟಿ ಮಾಡ್ಸಿ ಅಂದೆ. ಎತ್ತಿನ ಕುತ್ತಿಗೆಗೆ ಒರಳುಕಲ್ಲು ಕಟ್ಸಿ ಅಂದ್ನಾ?” ಎಂದು ಅತ್ತೆ ಒಳಗೆ ಹೋದರು. ಒಲೆಯ ಮೇಲೆ ಸಾರು ಕುದಿಯುತ್ತಿತ್ತು.

ನಾನು ನಕ್ಕೆ. ಮಾವ ನಗಲಿಲ್ಲ. ಇಳಿದು ಬಂದು, ಖಾಲಿ ಮೆತ್ತೆಯ ಮೇಲೆ ಬಿದ್ದಿದ್ದ ಒಂದು ಹುಣಸೇ ಎಲೆಯನ್ನು ಎತ್ತಿ ಹಾಕಿ, “ಬುಡು, ಇನ್ನೂ ಒಸಿ ಗಟ್ಟಿ ಆಗ್ಬೇಕು ಅಂತ ಕಾಣ್ತದೆ” ಎಂದರು. ತೊಂದರೆ ಏನೆಂದು ಅತ್ತೆ ಅಷ್ಟು ಬಿಡಿಸಿ ಹೇಳಿದ ಮೇಲೂ ಅವರ ಕಿವಿಗೆ ಬಿದ್ದದ್ದು ‘ಗಟ್ಟಿ’ ಒಂದೇ. ಮಾವನ ತಲೆಯೂ ಆ ಲಾರಿಯದೇ ಇರಬೇಕು.

ಅತ್ತೆ ತವರಿಗೆ ಬಸ್ಸಿನಲ್ಲೇ ಹೋಗಿಬರುತ್ತಿದ್ದರು. ಅರಕಲಗೂಡಿನಲ್ಲಿ ಹತ್ತಿ, ಹೊಳೆನರಸೀಪುರದಲ್ಲಿ ಬಸ್ಸು ಬದಲಿಸಿ, ಚನ್ನರಾಯಪಟ್ಟಣಕ್ಕೆ. ಮಾವ ಸುಮ್ಮನೆ ಮನೆಯಲ್ಲಿ ಕೂರುವವರೇ? ಬಸ್ಸಿನ ಹಿಂದೆಯೇ ಜೀಪು! ಕೇಳಿದವರಿಗೆಲ್ಲ ‘ಟ್ರಯಲ್ಲು’ ಎನ್ನುತ್ತಿದ್ದರು. ಮುಂದೆ ಬಸ್ಸಿನಲ್ಲಿ ಟಿಕೆಟ್ಟು ಕೊಂಡ ಹೆಂಡತಿ, ಹಿಂದೆ ಧೂಳು ಕುಡಿಯುತ್ತಾ ಗಂಡ. ಅಂದಿನ ರಸ್ತೆಯ ಧೂಳೆಂದರೆ ಸಾಮಾನ್ಯವೇ? ಚನ್ನರಾಯಪಟ್ಟಣ ಮುಟ್ಟುವ ಹೊತ್ತಿಗೆ ಮಾವ ಹಿಟ್ಟಿನ ಗಿರಣಿಯಿಂದ ಎದ್ದು ಬಂದವರಂತಿರುತ್ತಿದ್ದರು. ಹಿಂದೆ ಕೂತ ನನ್ನನ್ನಂತೂ ಅತ್ತೆಯ ತವರಿನ ನಾಯಿ ಒಮ್ಮೆಯೂ ಗುರುತು ಹಿಡಿಯಲಿಲ್ಲ. ಬಸ್ಸು ಎಲ್ಲಾದರೂ ನಿಂತರೆ ಮಾವ ಎಳನೀರೋ ಬಾಳೆಹಣ್ಣೋ ಕೊಂಡು ಕಂಡಕ್ಟರ್ ಕೈಯಲ್ಲಿ ಒಳಗೆ ಕಳಿಸುತ್ತಿದ್ದರು. ಎರಡು ಮೂರು ಸಲ ಹೀಗಾದ ಮೇಲೆ ಆ ಕಂಡಕ್ಟರ್ ತಡೆಯಲಾರದೆ ಅತ್ತೆಯನ್ನು ಕೇಳಿಯೇಬಿಟ್ಟ: ಹಿಂದೆ ಬರುತ್ತಿರುವ ಆ ಜೀಪು ನಿಮ್ಮದೇ ತಾನೆ?

ಅತ್ತೆ ತಿರುಗಿಯೂ ನೋಡದೆ, “ಊಂ ಕಣಪ್ಪ, ನಮ್ ಲಗೇಜು ಅದ್ರಲ್ಲಿ ಬತ್ತೈತೆ” ಎಂದರಂತೆ.

ಇದನ್ನು ನಾನು ಹೊಳೆನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಅತ್ತೆಯ ದನಿಯಲ್ಲೇ ಆಡಿ ತೋರಿಸಿದೆ. ಅಲ್ಲಿಂದ ಮುಂದೆ ಊರೂರಲ್ಲೂ ನನ್ನ ಮಾವನಿಗೆ ಲಗೇಜು ಎಂದೇ ಹೆಸರು ಬಿತ್ತು. ಮಾವನಿಗೆ ಅದರಿಂದ ಬೇಸರವಾಗಲಿಲ್ಲ. “ಅವಳ ಲಗೇಜು ತಾನೆ” ಎಂದರು.

ಹೀಗಿರುವಾಗ ಚನ್ನರಾಯಪಟ್ಟಣದಲ್ಲಿ ಅತ್ತೆಯ ತಂಗಿಯ ಮಗುವಿಗೆ ತೊಟ್ಟಿಲು ಶಾಸ್ತ್ರ ಬಂತು. ಮಾವ ಅಷ್ಟರಲ್ಲಿ ಸ್ಟೇರಿಂಗಿಗೆ ಇನ್ನೂ ಒಂದು ಗಟ್ಟಿ ಸಲಾಕೆ ಕೂರಿಸಿ, ಯಾವುದಕ್ಕೂ ಇರಲಿ ಎಂದು ಜೀಪಿನ ಹಿಂಭಾಗದಲ್ಲಿ ಬದಲಿ ಕಬ್ಬಿಣವನ್ನೆಲ್ಲ ತುಂಬಿಸಿದ್ದರು. ನನಗೆ ಕೂರಲು ಜಾಗವಿಲ್ಲ. ಮುಂದಿನ ಮೆತ್ತೆ ಖಾಲಿಯೇ ಇತ್ತು, ಆದರೆ ಅದು ರಿಜರ್ವು. “ನೀನು ನಿಮ್ಮತ್ತೆ ಜೊತೆ ಬಸ್ಸಲ್ಲಿ ಬಾ” ಎಂದರು ಮಾವ. ಅಷ್ಟು ವರ್ಷಗಳಲ್ಲಿ ನಾನು ಅತ್ತೆಯ ಜೊತೆ ಆ ಬಸ್ಸು ಹತ್ತಿದ್ದು ಅದೇ ಮೊದಲು.

ಹೊಳೆನರಸೀಪುರದಲ್ಲಿ ಬಸ್ಸು ಬದಲಿಸಿದಾಗ ಅರ್ಧಕ್ಕರ್ಧ ಸೀಟು ಖಾಲಿ. ಮುಂದೆ ಹೆಂಗಸರ ಸೀಟು, ಗಾಳಿ, ಬೆಳಕು ಎಲ್ಲ ಇತ್ತು. ಅತ್ತೆ ಅದನ್ನು ದಾಟಿ, ನಡುವಿನದನ್ನೂ ದಾಟಿ, ಕಟ್ಟಕಡೆಯ ಸೀಟಿಗೆ ಹೋಗಿ ಕೂತರು. ಆ ಸೀಟಿನ ಗುಣ ನಿಮಗೆ ಗೊತ್ತೇ ಇದೆ. ರಸ್ತೆಯಲ್ಲಿ ಒಂದು ಗುಂಡಿ ಬಂದರೆ ಬಸ್ಸಿನಲ್ಲಿರುವ ಮಿಕ್ಕವರು ಅಲ್ಲಾಡುತ್ತಾರೆ, ಅಲ್ಲಿರುವವರು ಹಾರುತ್ತಾರೆ! ನಾನು ಮುಂದೆ ಜಾಗ ಇದೆಯೆಂದು ಎರಡು ಸಲ ಹೇಳಿದೆ. ಅತ್ತೆ ಕೇಳಿಸಿಕೊಳ್ಳಲಿಲ್ಲ. ಟಿಕೆಟ್ಟು ಹರಿಯುತ್ತಾ ಬಂದ ಕಂಡಕ್ಟರ್, “ಅಮ್ಮೋರು ಯಾವತ್ತೂ ಅಲ್ಲೇ ಕೂರೋದು ಸಾ. ಯಾರಾರಾ ಕೂತಿದ್ರೆ ನಾನೇ ಎಬ್ಬಿಸಿ ಕೊಡ್ತೀನಿ” ಎಂದ.

ಬಸ್ಸು ಹೊರಟಿತು. ಅತ್ತೆ ಸೆರಗಿನ ತುದಿಯಿಂದ ಹಿಂದಿನ ಗಾಜನ್ನು ಒರೆಸಿ, ಪಕ್ಕಕ್ಕೆ ತಿರುಗಿ ಕೂತು, ಹೊರಗೆ ನೋಡತೊಡಗಿದರು. ಕೆಂಪು ಧೂಳಿನ ನಡುವೆ ನಮ್ಮ ಜೀಪು ಮುಳುಗುತ್ತಾ ಏಳುತ್ತಾ ಬರುತ್ತಿತ್ತು. ಮುಂದೆ ತಿರುವು ಬಂತು. ಬಸ್ಸು ತಿರುಗಿತು, ಜೀಪು ಮರೆಯಾಯಿತು. ಅತ್ತೆಯ ಕೈ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿಯಿತು. ತಿರುವಿನಾಚೆಯಿಂದ ಜೀಪಿನ ಮೂತಿ ಕಾಣಿಸಿತು. ಕೈ ಸಡಿಲವಾಯಿತು. ಮತ್ತೆ ತಿರುವು, ಮತ್ತೆ ಕಂಬಿ. ಇದನ್ನು ಅಣಕಿಸಿದರೆ ಎಂಥ ನಗೆ ಏಳುತ್ತದೆಂದು ನನಗೆ ಮೊದಲು ಖುಷಿಯಾಯಿತು. ಎರಡು ತಿರುವು ಕಳೆಯುವಷ್ಟರಲ್ಲಿ ನನ್ನ ಕೈಯೂ ಅದೇ ಕಂಬಿಯ ಮೇಲಿತ್ತು.

“ಯಾವತ್ತ್‌ನಿಂದ ಇಂಗೆ ಅತ್ತೆ?” ಎಂದೆ.

“ಮುಂದೆ ಕೂತ್ರೆ ಅವ್ರು ಕಾಣಾಕಿಲ್ಲ ಕಣ್ಲಾ” ಎಂದರು, ಗಾಜಿನಿಂದ ಕಣ್ಣು ತೆಗೆಯದೆ.

ಒಂದು ದೊಡ್ಡ ಕೆರೆಯ ಏರಿ ಬಂತು. ರಸ್ತೆ ಅಲ್ಲಿ ತಟ್ಟನೆ ಎಡಕ್ಕೆ ಹೊರಳಿ ಏರಿಯ ಮೇಲೆ ಹತ್ತುತ್ತದೆ. ಒಂದು ಪಕ್ಕಕ್ಕೆ ತೋಟ, ಇನ್ನೊಂದು ಪಕ್ಕಕ್ಕೆ ತುಂಬಿದ ನೀರು. ಬಸ್ಸು ಹೊರಳಿತು. ಅತ್ತೆ ಕಂಬಿ ಹಿಡಿದರು. ಜೀಪು ಬರಲಿಲ್ಲ. ಏರಿಯ ಕಾಲು ಭಾಗ ಕಳೆಯಿತು. ಬರಲಿಲ್ಲ.

“ನಿಲ್ಸಪ್ಪ” ಎಂದರು ಅತ್ತೆ. ದೊಡ್ಡ ದನಿಯೇನಲ್ಲ. ಕಂಡಕ್ಟರ್ ಏಕೆಂದು ಕೇಳದೆ ಸೀಟಿ ಊದಿದ.

ಅತ್ತೆ ಇಳಿದು ಹಿಂದಕ್ಕೆ ನಡೆದರು. ನಡೆದರು ಎಂದೆನೇ? ನನ್ನ ಕಾಲಿಗೆ ಓಡಿದರೂ ಸಿಗಲಿಲ್ಲ. ತಿರುವಿನಲ್ಲಿ ಜೀಪು ನಿಂತಿತ್ತು. ಏನೂ ಮುರಿದಿರಲಿಲ್ಲ, ಮುರಿಯುವಂಥದ್ದನ್ನು ಮಾವ ಅದರಲ್ಲಿ ಉಳಿಸಿಯೇ ಇರಲಿಲ್ಲವಲ್ಲ! ತಿರುಗಿಸಲು ಆಗದೆ, ನೀರಿನ ಕಡೆಯ ಕಲ್ಲುಗಳಿಗೆ ಮೂತಿ ತಾಗುವಷ್ಟರಲ್ಲಿ ಬ್ರೇಕು ಒತ್ತಿ ನಿಲ್ಲಿಸಿದ್ದರು. ಮೈತುಂಬ ಧೂಳು, ಧೂಳಿನ ಮೇಲೆ ಬೆವರಿನ ಕಾಲುವೆಗಳು. ಎರಡು ಕೈಯಲ್ಲಿ ಚಕ್ರಕ್ಕೆ ಜೋತುಬಿದ್ದು ಎಳೆಯುತ್ತಲೇ ಇದ್ದರು. ಅತ್ತೆಯನ್ನು ಕಂಡು, ಪರೀಕ್ಷೆಯಲ್ಲಿ ಸಿಕ್ಕಿಬಿದ್ದವರಂತೆ ಕೈ ಕೆಳಗಿಟ್ಟರು. ಆ ಮುಖ ನನಗೆ ಚೆನ್ನಾಗಿ ಗೊತ್ತು, ಕನ್ನಡಿಯಲ್ಲಿ ಕಂಡಿದ್ದೇನೆ.

“ನೀನ್ ಯಾಕ್ ಇಳ್ದೆ? ಬಸ್ಸು ಒಂಟೋಯ್ತದೆ” ಎಂದರು.

“ಓಗ್ಲಿ.” ಅತ್ತೆ ಸೀರೆ ಎತ್ತಿಕಟ್ಟಿ, ಬಲಗಡೆಯಿಂದ ಹತ್ತಿ, ಹೂವಿನ ಮೆತ್ತೆಯ ಮೇಲೆ ಕೂತರು. ಬಳೆಗಳನ್ನು ಮೊಣಕೈವರೆಗೆ ಸರಿಸಿದರು. “ಈ ಕಡೆಯಿಂದ ನಾನೇನ್ ಮಾಡ್ಬೇಕು, ಯೋಳಿ.”

ಮಾವ ಅಂಗೈಯ ಬೆವರನ್ನು ಟವೆಲಿಗೆ ಒರೆಸಿ ಮತ್ತೆ ಚಕ್ರ ಹಿಡಿದರು. “ನಾನು ಕೆಳಕ್ಕೆ ಎಳೀತೀನಿ,” ಎಂದರು ಆಮೇಲೆ, “ನೀನು ಆ ಕಡೆಯಿಂದ ಮೇಲಕ್ಕೆ ನೂಕು.”

ಬಾಯಿ ಸುಮ್ಮನಿರದ ನಾನು, “ಅಂಗಾರೆ ಮೂಗುದಾರ ಗಟ್ಟಿಯಾಯ್ತೇನತ್ತೆ?” ಎಂದೆ.

ಅತ್ತೆ ಚಕ್ರಕ್ಕೆ ಕೈ ಹಾಕಿಯೇ ಹೇಳಿದರು: “ಅದ್ಯಾವ್ದೂ ನಂಗ್ ಗೊತ್ತಿಲ್ಲ ಕಣ್ಲಾ. ಒಬ್ರೇ ಎಳೀತಾವ್ರೆ.”

ಮಾವ ಜೀಪನ್ನು ಹಿಂದಕ್ಕೆ ತೆಗೆದು ಎಳೆದರು, ಅತ್ತೆ ನೂಕಿದರು. ಲಾರಿಯ ಕಬ್ಬಿಣ ಕಿರುಗುಟ್ಟಿ, ಗಾಲಿ ಹೊರಳಿ, ಜೀಪು ಏರಿಯ ಕಡೆ ಮುಖ ಮಾಡಿತು. ನನಗೆ ಜಾಗವಿರಲಿಲ್ಲ, ಇದ್ದರೂ ಕೂರುತ್ತಿರಲಿಲ್ಲ. ಓಡಿ ಬಂದು, ನಮಗಾಗಿ ಇನ್ನೂ ನಿಂತೇ ಇದ್ದ ಬಸ್ಸು ಹತ್ತಿ ಕಡೆಯ ಸೀಟಿನಲ್ಲಿ ಕೂತೆ. ಬಸ್ಸಿನ ಜನವೆಲ್ಲ ನನ್ನ ಬೆನ್ನಮೇಲೆ ಬಿದ್ದು ಹಿಂದಿನ ಗಾಜಿನಿಂದ ನೋಡುವವರೇ. ಬಸ್ಸಿನ ಮೂತಿ ಮೇಲೇಳುವುದೊಂದು ಬಾಕಿ! ಜೀಪು ಹಿಂದೆ ಬಂತು. ತಿರುವು ಬಂದಾಗಲೆಲ್ಲ ಎರಡು ತಲೆಗಳು ಒಟ್ಟಿಗೆ ಒಂದೇ ಕಡೆ ವಾಲುತ್ತಿದ್ದವು.

ಆಮೇಲೆ ಅತ್ತೆ ಬಸ್ಸು ಹತ್ತಿದ್ದೇ ಇಲ್ಲ. ಸ್ವಲ್ಪ ಕಾಲ ಕಳೆದು ನಾವು ಮೂವರೂ ಜೀಪಿನಲ್ಲಿ ಹಾಸನಕ್ಕೆ ಹೋದಾಗ ಮೇಸ್ತ್ರಿ ಸಿಕ್ಕಿದ. ಹೆಂಗಸರ ಕೈಯಲ್ಲೂ ಸ್ಟೇರಿಂಗು ಎಳೆಸುತ್ತಿರುವುದನ್ನು ಕಂಡು ಅವನಿಗೇ ನಾಚಿಕೆಯಾಯಿತೋ ಏನೋ, ಒಂದು ಸಣ್ಣ ಸಾಮಾನು ಬದಲಿಸಿದರೆ ಸಾಕು ಗೌಡ್ರೇ, ಬೆರಳಲ್ಲಿ ತಿರುಗುವ ಹಾಗೆ ಮಾಡಿಕೊಡುತ್ತೇನೆ, ನೀವು ಕಾಫಿ ಕುಡಿದು ಬರುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ ಎಂದ.

ಮಾವ ಜೀಪಿನ ಕಡೆ ನೋಡಿದರು. ಅತ್ತೆ ಮೆತ್ತೆಯ ಮೇಲೆ ಕೂತು ಕೆಂಪಗಾದ ಅಂಗೈಗೆ ಊದಿಕೊಳ್ಳುತ್ತಿದ್ದರು.

“ಬ್ಯಾಡ ಬುಡು ಮೇಸ್ತ್ರಿ” ಎಂದರು.

ನಾನು ಅವರನ್ನು ಪಕ್ಕಕ್ಕೆ ಎಳೆದುಕೊಂಡು ಹೋಗಿ, ಇಷ್ಟು ವರ್ಷ ಒದ್ದಾಡಿದ್ದು ಮತ್ತೆ ಯಾತಕ್ಕೆ ಎಂದು ಕೇಳಿದೆ.

“ಮೆಲ್ಲಗ್ ಮಾತಾಡ್ಲಾ” ಎಂದರು ಮಾವ. “ಅಗುರ ಆಗೋದ್ರೆ ಅವ್ಳು ಕೈ ತಗ್ದ್‌ಬುಡ್ತಾಳೆ.”